ಸಿದ್ದಿ ಬಾಂಧವರ ಇತಿಹಾಸವೂ ನಮ್ಮ ತಾಂತ್ರಿಕ ವಿದ್ಯಾಪೀಠಗಳೂ

ತನ್ನ ಮಕ್ಕಳಲ್ಲಿಯೇ ಕೆಲವರನ್ನು ಪರಕೀಯರೆಂದು ಎಣಿಸುವ ನಾಡು ತನ್ನ ಮನೆಯ ಲೆಕ್ಕವನ್ನು ತಾನೇ ಅರಿಯದ ನಾಡು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ, ಯಲ್ಲಾಪುರ, ಅಂಕೋಲಾ ತಾಲೂಕುಗಳ ಕಾಡಂಚಿನಲ್ಲಿ ತಲೆತಲಾಂತರಗಳಿಂದ ಸಿದ್ದಿ ಜನಾಂಗವು ಬಾಳಿಕೊಂಡು ಬಂದಿದೆ. ಇವರ ಪೂರ್ವಜರು ಆಫ್ರಿಕಾ ಖಂಡದಿಂದ ಬಂದವರು. ಬಂದವರೆನ್ನುವದಕ್ಕಿಂತಲೂ, ಬಹುಮಟ್ಟಿಗೆ ಸಂಕೋಲೆಯಲ್ಲಿ ತರಲ್ಪಟ್ಟವರು ಎನ್ನುವದೇ ಸತ್ಯ. ಇಂದು ಅವರು ಉಣ್ಣುವದು ಈ ನೆಲದ ಅನ್ನ, ಆಡುವದು ಕೊಂಕಣಿ ಮತ್ತು ಕನ್ನಡ, ಹೂಳುವದೂ ಸುಡುವದೂ ಇದೇ ಮಣ್ಣಿನಲ್ಲಿ. ಆದರೂ ಸಿದ್ದಿ ತರುಣನೊಬ್ಬನು ಬೆಂಗಳೂರಿನ ಬಸ್ಸನ್ನೇರಿದರೆ “ನಿಮ್ಮದು ಯಾವ ದೇಶ?” ಎಂಬ ಪ್ರಶ್ನೆಯು ಅವನಿಗಾಗಿ ಕಾದಿರುತ್ತದೆ. ಅವನು ಅಚ್ಚಗನ್ನಡದಲ್ಲಿ ಉತ್ತರ ಕೊಟ್ಟಾಗ ಕೇಳಿದವರು ಬೆರಗಾಗುತ್ತಾರೆ. ಆ ಬೆರಗು ಸಿದ್ದಿಯ ಅವಮಾನವಲ್ಲ; ಅದು ನಮ್ಮ ಶಿಕ್ಷಣದ ಅವಮಾನ.

ಪ್ರಶ್ನೆ ಕೇಳಿದವನು ಅನಕ್ಷರಸ್ಥನೇ ಆಗಿರಬೇಕೆಂದಿಲ್ಲ. ಅವನು ಹದಿನಾರು ವರ್ಷ ವಿದ್ಯೆ ಕಲಿತ ಯಂತ್ರಶಾಸ್ತ್ರದ ಪದವೀಧರನಾಗಿರಬಹುದು. ಅಮೇರಿಕೆಯ ಗುಲಾಮಗಿರಿಯ ಕಥೆಯನ್ನು ಅವನು ಚಲನಚಿತ್ರದಲ್ಲಿ ನೋಡಿ ಕಣ್ಣೀರು ಸುರಿಸಿರಬಹುದು. ಆದರೆ ಧಾರವಾಡದಿಂದ ಒಂದೆರಡು ತಾಸಿನ ದಾರಿಯಲ್ಲಿ ಅದೇ ಗುಲಾಮಗಿರಿಯ ಇನ್ನೊಂದು ಅಧ್ಯಾಯವು ಮನುಷ್ಯರೂಪದಲ್ಲಿ ಉಸಿರಾಡುತ್ತಿದೆ ಎಂಬದನ್ನು ಅವನಿಗೆ ಯಾರೂ ಹೇಳಿಕೊಡಲಿಲ್ಲ. ಈ ಕೊರತೆಯನ್ನು ತುಂಬುವ ಹೊಣೆಯನ್ನು ನಮ್ಮ ತಾಂತ್ರಿಕ ವಿದ್ಯಾಪೀಠಗಳೂ ಹೊರಬೇಕೆಂಬದೇ ಈ ಲೇಖನದ ಅಭಿಪ್ರಾಯವು. ಇತಿಹಾಸಕ್ಕೂ ಯಂತ್ರವಿದ್ಯೆಗೂ ಎತ್ತಣ ಸಂಬಂಧವೆಂದು ಕೆಲವು ವಾಚಕರು ಹುಬ್ಬೇರಿಸಿಯಾರು. ಸಂಬಂಧವುಂಟು; ಅದು ಬಲವಾದ ಸಂಬಂಧವೇ ಆಗಿದೆ.

ಮೊದಲು ಇತಿಹಾಸದ ಮಾತು. ಪೋರ್ತುಗೀಜರು 1510ರಲ್ಲಿ ಗೋವೆಯನ್ನು ಹಿಡಿದ ತರುವಾಯ ಪೂರ್ವ ಆಫ್ರಿಕದ ಕರಾವಳಿಯಿಂದ, ವಿಶೇಷವಾಗಿ ಮೊಜಾಂಬಿಕದ ಕಡೆಯಿಂದ, ಗುಲಾಮರನ್ನು ಹಡಗುಗಳಲ್ಲಿ ತಂದು ಗೋವೆಯ ಪೇಟೆಯಲ್ಲಿ ಮಾರಿದರು. ಅರಬ ವರ್ತಕರು ಈ ವ್ಯಾಪಾರವನ್ನು ಅವರಿಗಿಂತಲೂ ಮೊದಲಿನಿಂದಲೇ ನಡೆಯಿಸಿದ್ದರು. ಒಡೆಯರ ಕೋಟಲೆಯನ್ನು ತಾಳಲಾರದೆ ಓಡಿದವರಿಗೂ ಬಿಡುಗಡೆ ಪಡೆದವರಿಗೂ ಸಹ್ಯಾದ್ರಿಯ ದಟ್ಟ ಕಾಡು ಆಶ್ರಯ ಕೊಟ್ಟಿತು. ಬ್ರಿಟಿಷ ಹಿಂದುಸ್ತಾನದಲ್ಲಿ 1843ರ ಕಾಯಿದೆಯು ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತು. ಪೋರ್ತುಗೀಜ ಸಾಮ್ರಾಜ್ಯದಲ್ಲಿ ಅದು ಕಾಗದದ ಮೇಲೆ ಕೊನೆಗಂಡದ್ದು 1869ರಲ್ಲಿ, ನಿಜವಾಗಿ ಬಿಡುಗಡೆಯಾದದ್ದು 1878ರಲ್ಲಿ. ಸಂಕೋಲೆ ಹರಿದರೂ ಬಡತನವು ಹರಿಯಲಿಲ್ಲ. ಕಾಡು ಕಡಿದು ಗದ್ದೆ ಮಾಡಿದವರು ಸಿದ್ದಿಯರು; ಗದ್ದೆಯ ಕಾಗದ ಸೇರಿದ್ದು ಬೇರೆಯವರ ಪೆಟ್ಟಿಗೆ. ಜೀತವು ಸ್ವಾತಂತ್ರ್ಯದ ನಂತರವೂ ಬಹುಕಾಲ ಅವರನ್ನು ಬಿಡಲಿಲ್ಲ.

ಇವರನ್ನು ಕುರಿತು ಬರೆದವರೇ ಇಲ್ಲವೆಂದಲ್ಲ. 1976ರಲ್ಲಿ ಟಿ. ಸಿ. ಪಾಲಾಕ್ಷಪ್ಪನವರು, 1984ರಲ್ಲಿ ಸಿಪ್ರಿಯನ್ ಹೆನ್ರಿ ಲೋಬೊ ಅವರು ಇಂಗ್ಲಿಷಿನಲ್ಲಿ ಗ್ರಂಥಗಳನ್ನು ಬರೆದಿದ್ದಾರೆ. 2011ರಲ್ಲಿ ಹೈದರಾಬಾದಿನ ಜೀವಕೋಶ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಅವರ ಸಂಗಡಿಗರೂ ಸಿದ್ದಿಯರ ವಂಶವಾಹಿಗಳನ್ನು ಪರೀಕ್ಷಿಸಿ, ಅವರ ಮೂಲದ ದೊಡ್ಡ ಭಾಗವು ಆಫ್ರಿಕದ ಬಾಂಟು ಜನರದೆಂದೂ, ಸುಮಾರು 200 ವರ್ಷಗಳಿಂದೀಚೆಗೆ ಈ ನೆಲದ ಜನರೊಡನೆ ರಕ್ತಸಂಬಂಧವು ಬೆಳೆದಿದೆಯೆಂದೂ ಪ್ರಕಟಿಸಿದರು. ಕೇಂದ್ರ ಸರಕಾರವು 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರನ್ನೂ, 2020ರಲ್ಲಿ ಬೆಳಗಾವಿ ಧಾರವಾಡ ಜಿಲ್ಲೆಗಳ ಸಿದ್ದಿಯರನ್ನೂ ಪರಿಶಿಷ್ಟ ಪಂಗಡಗಳ ಯಾದಿಯಲ್ಲಿ ಸೇರಿಸಿತು. ಅದೇ 2020ರಲ್ಲಿ ಶ್ರೀ ಶಾಂತಾರಾಮ ಸಿದ್ದಿಯವರು ವಿಧಾನಪರಿಷತ್ತಿಗೆ ನಾಮಕರಣ ಹೊಂದಿ, ಆ ಸಭಾಗೃಹವನ್ನು ಪ್ರವೇಶಿಸಿದ ಮೊದಲ ಸಿದ್ದಿಯರಾದರು. ಶ್ರೀಮತಿ ಗಿರಿಜಾ ಸಿದ್ದಿಯವರ ಕಂಠವು ರಂಗಭೂಮಿಯಲ್ಲಿಯೂ ಚಿತ್ರಪಟದಲ್ಲಿಯೂ ಕೇಳಬಂದಿದೆ. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಗ್ರಂಥವು ಗ್ರಂಥಾಲಯದಲ್ಲಿದೆ, ವಂಶವಾಹಿಯ ಲೆಕ್ಕವು ಪ್ರಯೋಗಶಾಲೆಯಲ್ಲಿದೆ, ಯಾದಿಯು ಕಚೇರಿಯಲ್ಲಿದೆ. ಜನಾಂಗದ ನೆನಪು ಮಾತ್ರ ಮುದುಕಿಯರ ಬಾಯಲ್ಲಿದೆ. ಆ ಬಾಯಿಗಳು ಒಂದೊಂದಾಗಿ ಮುಚ್ಚುತ್ತಲಿವೆ. ಅಕ್ಷರಕ್ಕೆ ಇಳಿಯದ ಇತಿಹಾಸವು ಒಂದು ತಲೆಮಾರಿನ ಸಾವಿನಷ್ಟೇ ದೂರದಲ್ಲಿ ನಾಶದ ಅಂಚಿನಲ್ಲಿ ನಿಂತಿರುತ್ತದೆ.

ಇನ್ನು ತಾಂತ್ರಿಕ ವಿದ್ಯಾಪೀಠದ ಮಾತು. ಮಲಿಕ್ ಅಂಬರನ ಹೆಸರನ್ನು ಇತಿಹಾಸದ ವಿದ್ಯಾರ್ಥಿಗಳು ಕೇಳಿದ್ದಾರೆ. ಸುಮಾರು 1548ರಲ್ಲಿ ಇಥಿಯೋಪಿಯದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಮಾರಲ್ಪಟ್ಟು, ಬಗದಾದಿನ ಹಾದಿಯಾಗಿ ದಖ್ಖಣಕ್ಕೆ ಬಂದು, ಕೆಲಕಾಲ ಬಿಜಾಪುರದರಸನ ಸೇವೆಯಲ್ಲಿಯೂ ಇದ್ದು, ಕಡೆಗೆ ಅಹಮದನಗರದ ರಾಜ್ಯಸೂತ್ರವನ್ನೇ ಹಿಡಿದು ಮೊಗಲ ಸೈನ್ಯಗಳನ್ನು ಕಂಗೆಡಿಸಿದ ವೀರನು ಆತನು. 1626ರಲ್ಲಿ ತೀರಿಕೊಂಡನು. ಆತನ ಯುದ್ಧಗಳ ಕಥೆ ಪ್ರಸಿದ್ಧವಾದಷ್ಟು ಆತನ ನೀರಿನ ಕಥೆ ಪ್ರಸಿದ್ಧವಾಗಿಲ್ಲ. ಇಂದು ಛತ್ರಪತಿ ಸಂಭಾಜಿನಗರವೆನ್ನಿಸಿಕೊಳ್ಳುವ ಊರನ್ನು ಆತನು 1610ರಲ್ಲಿ ಖಡಕಿ ಎಂಬ ಹೆಸರಿನಿಂದ ಕಟ್ಟಿದನು. ಬಂಡೆಯ ಬರಡು ನೆಲದಲ್ಲಿ ಊರನ್ನು ಕಟ್ಟಿದ ಮೇಲೆ ನೀರೆಲ್ಲಿಯದು? ಗುಡ್ಡಗಳ ಒಡಲಲ್ಲಿ ಇಂಗಿದ ನೀರನ್ನು ನೆಲದೊಳಗಿನ ಕಾಲುವೆಯಲ್ಲಿ ಕೂಡಿಸಿ, ಇಳಿಜಾರಿನ ಲೆಕ್ಕವನ್ನು ಒಂದಿಷ್ಟೂ ತಪ್ಪದೆ ಹಿಡಿದು, ನಡುನಡುವೆ ಗಾಳಿ ಬೆಳಕಿಗೆಂದು ಬಾವಿಯಂಥ ಕಂಡಿಗಳನ್ನಿಟ್ಟು, ಎತ್ತಿನ ಕಪಿಲೆಯಿಲ್ಲದೆ, ಯಂತ್ರದ ಹಂಗಿಲ್ಲದೆ ಆತನು ಊರೊಳಗೆ ನೀರು ಹರಿಯಿಸಿದನು. ಆತನ ಹೆಸರಿನಿಂದಲೇ ‘ನಹರ್-ಏ-ಅಂಬರಿ’ ಎಂದು ಕರೆಯಿಸಿಕೊಳ್ಳುವ ಆ ಕಾಲುವೆಯು ಶತಮಾನಗಳವರೆಗೆ ಊರನ್ನು ಸಲಹಿತು. ನೀರಾವರಿ ಶಾಸ್ತ್ರವನ್ನು ಓದುವ ನಮ್ಮ ವಿದ್ಯಾರ್ಥಿಗಳು ರೋಮನ್ನರ ಮೇಲ್ಗಾಲುವೆಯನ್ನು ಬಲ್ಲರು. ನೆರೆಯಲ್ಲಿರುವ ಈ ಕಾಲುವೆಯನ್ನು ಬಲ್ಲವರು ಎಷ್ಟು ಮಂದಿ?

ನಮ್ಮ ವಿಜಯಪುರವನ್ನೇ ತೆಗೆದುಕೊಳ್ಳಿರಿ. ಎರಡನೆಯ ಇಬ್ರಾಹಿಂ ಆದಿಲಶಾಹನ ಸಮಾಧಿಯಾದ ಇಬ್ರಾಹಿಂ ರೋಜಾದ ಒಳಕೋಣೆಯ ಮಾಳಿಗೆಯು ಕಲ್ಲಿನದು. ನಡುವೆ ಸಮತಟ್ಟಾಗಿ, ಆಧಾರದ ಕಂಬವಿಲ್ಲದೆ, ತೂಗುಹಾಕಿದಂತೆ ನಿಂತಿದೆ. ನೋಡಿದ ವಾಸ್ತುಶಿಲ್ಪಿಗಳೆಲ್ಲರೂ ಅದಕ್ಕೆ ತಲೆದೂಗಿದ್ದಾರೆ. ಆ ಕಟ್ಟಡದ ಶಾಸನದಲ್ಲಿ ಕಾಣಿಸುವ ಹೆಸರು ಮಲಿಕ್ ಸಂದಲನದು. ಆತನನ್ನು ವಿದ್ವಾಂಸರು ಹಬ್ಶಿ, ಎಂದರೆ ಆಫ್ರಿಕ ಮೂಲದವನೆಂದು ಗುರುತಿಸುತ್ತಾರೆ. ಮಹಮ್ಮದ ಆದಿಲಶಾಹನ ಕಾಲದಲ್ಲಿ ಪ್ರಧಾನನಾಗಿ ಮೆರೆದ ಇಖಲಾಸಖಾನನೂ ಹಬ್ಶಿಯೇ. ಕೊಂಕಣದ ಕಡಲಲ್ಲಿ ಮುರುಡದ ಎದುರಿಗೆ ನಿಂತ ಜಂಜಿರೆಯ ದುರ್ಗವು ಸಿದ್ದಿ ಅರಸರ ಕೈಯಲ್ಲಿ ಶತ್ರುಗಳಿಗೆ ಮಣಿಯದೆ ಉಳಿದು, 1948ರಲ್ಲಿ ಸ್ವತಂತ್ರ ಭಾರತದೊಳಗೆ ವಿಲೀನವಾಯಿತು. ಕಲ್ಲು, ನೀರು, ಕೋಟೆ — ಈ ಮೂರೂ ಯಂತ್ರಶಾಸ್ತ್ರಜ್ಞನ ಕ್ಷೇತ್ರಗಳೇ ಅಲ್ಲವೆ? ಹಾಗಿದ್ದ ಮೇಲೆ ದಖ್ಖಣದ ಆಫ್ರಿಕ ಮೂಲದವರ ಇತಿಹಾಸವು ತಾಂತ್ರಿಕ ವಿದ್ಯಾಪೀಠದ ಅಂಗಳದ ಹೊರಗೆ ನಿಲ್ಲತಕ್ಕದ್ದೆಂದು ಹೇಳುವದು ಹೇಗೆ?

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಹಳಿಯಾಳದ ಸಿದ್ದಿ ಬಾಲಕನಿಗೆ “ಮಲಿಕ್ ಅಂಬರನು ನಿನ್ನ ಮುತ್ತಜ್ಜ”ನೆಂದು ಹೇಳಿಕೊಡುವದು ಸತ್ಯಕ್ಕೆ ದೂರವಾದೀತು. ಅಂಬರನ ನಾಡು ಇಥಿಯೋಪಿಯ. ಕಾಳಿಯ ಕಾಡಿನ ಸಿದ್ದಿಯರ ಮೂಲವು ಬಹುಮಟ್ಟಿಗೆ ದಕ್ಷಿಣಕ್ಕಿರುವ ಬಾಂಟು ಜನರದು. ಒಬ್ಬನು ಅರಮನೆಯನ್ನೇರಿದನು, ಉಳಿದವರು ಕಾಡನ್ನು ಹೊಕ್ಕರು. ಸುಳ್ಳು ವಂಶಾವಳಿಯಿಂದ ಯಾವ ಜನಾಂಗಕ್ಕೂ ಮಾನವು ಬರಲಾರದು. ಆದರೆ ಹಡಗಿನ ತಳದಲ್ಲಿ ಮಾರಾಟದ ಸರಕಾಗಿ ಬಂದ ಮನುಷ್ಯನು ಈ ನೆಲದಲ್ಲಿ ರಾಜ್ಯವನ್ನೂ ಆಳಬಲ್ಲನು, ನೀರನ್ನೂ ಹರಿಯಿಸಬಲ್ಲನು, ಕಲ್ಲಿನ ಮಾಳಿಗೆಯನ್ನೂ ತೂಗಿಸಬಲ್ಲನು ಎಂಬ ಸತ್ಯವು ಆ ಬಾಲಕನಿಗೂ ಬೇಕು, ಅವನ ಪಕ್ಕದಲ್ಲಿ ಕುಳಿತ ಬಾಲಕನಿಗೂ ಬೇಕು. ಅರಮನೆಯ ಇತಿಹಾಸದಷ್ಟೇ ಗೌರವವು ಕಾಡಿನ ಇತಿಹಾಸಕ್ಕೂ ಸಲ್ಲಬೇಕು. ಒಡೆಯನ ಚಾವಟಿಗೆ ಬೆನ್ನು ಕೊಟ್ಟು, ಘಟ್ಟವನ್ನು ದಾಟಿ, ಹುಲಿ ಚಿರತೆಗಳ ನಡುವೆ ಗುಡಿಸಲು ಕಟ್ಟಿ ಮಕ್ಕಳನ್ನು ಬದುಕಿಸಿದ ಆ ಹೆಸರಿಲ್ಲದ ತಾಯಂದಿರ ಶೌರ್ಯವು ಯಾವ ಸರದಾರನ ಶೌರ್ಯಕ್ಕಿಂತ ಕಡಿಮೆಯದು?

ನಮ್ಮ ಕಾಲದಲ್ಲಿಯೂ ಈ ಜನಾಂಗವನ್ನು ನಾವು ಕಂಡ ಬಗೆಯಾದರೂ ಎಂಥದು? 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ತನ್ನ ವಿಶೇಷ ಕ್ಷೇತ್ರ ಕ್ರೀಡಾ ಯೋಜನೆಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ಓಟಕ್ಕೂ ನೆಗೆತಕ್ಕೂ ತರಬೇತಿ ಕೊಡಲಾರಂಭಿಸಿತು. ಮಕ್ಕಳು ಪದಕಗಳನ್ನು ಗೆದ್ದರು. ಕೆಲವೇ ವರ್ಷಗಳಲ್ಲಿ ಆ ಉಪಕ್ರಮವು ನಿಂತುಹೋಯಿತು. ಮಕ್ಕಳು ಮರಳಿ ಕೂಲಿಗೆ ನಡೆದರು. ರಾಷ್ಟ್ರವು ಅವರ ಕಾಲುಗಳನ್ನು ಕಂಡಿತು. ಅವರ ತಲೆಯನ್ನು ಕಾಣಲಿಲ್ಲ. ಈಗ ದಾಂಡೇಲಿಯ ಸುತ್ತಮುತ್ತಲೂ ಪ್ರವಾಸಿಗಳ ಕಾಲ ಬಂದಿದೆ. ಮೌಳಂಗಿಯ ದಂಡೆಯಲ್ಲಿ ಕಾಳಿಯ ನೀರನ್ನು ನೋಡಲು, ಅದರಲ್ಲಿ ಆಡಲು ದೂರದೂರದಿಂದ ಜನರು ಬರುತ್ತಾರೆ. ಸಂಜೆಯಾದ ಮೇಲೆ ವಸತಿಗೃಹಗಳಲ್ಲಿ ಡಮಾಮಿಯ ತಾಳಕ್ಕೆ ಸಿದ್ದಿಯರ ಕುಣಿತವೂ ಏರ್ಪಡುತ್ತದೆ. ಅದರಿಂದ ನಾಲ್ಕು ಕಾಸು ದೊರೆಯುವದಾದರೆ ಅದನ್ನು ಆಕ್ಷೇಪಿಸುವ ಅಧಿಕಾರವು ಹೊಟ್ಟೆ ತುಂಬಿದ ನಮಗಿಲ್ಲ. ಆದರೆ ಸುಗ್ಗಿ ಮುಗಿದ ಬೆಳದಿಂಗಳಲ್ಲಿ ತಮ್ಮವರೊಡನೆ ಕುಣಿದ ಕುಣಿತವೂ, ಊಟದ ನಡುವೆ ಚಪ್ಪಾಳೆಗಾಗಿ ಅರ್ಧ ತಾಸಿಗೆ ಕುಗ್ಗಿಸಿದ ಕುಣಿತವೂ ಒಂದೇ ಅಲ್ಲ. ಮೊದಲನೆಯದರ ಅರ್ಥವು ದಾಖಲಾಗದೆ ಹೋದರೆ ಮುಂದಿನ ತಲೆಮಾರಿಗೆ ಎರಡನೆಯದೇ ಇತಿಹಾಸವಾಗಿ ಉಳಿದೀತು.

ಹೊರನಾಡಿನ ಒಂದು ಉದಾಹರಣೆಯನ್ನು ನೋಡೋಣ. ಅಮೇರಿಕೆಯ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯು ಲೋಕವಿಖ್ಯಾತವಾದದ್ದು. ಅಲ್ಲಿಂದ ಪದವಿ ಪಡೆದ ಮೊದಲ ಕಪ್ಪುಜನಾಂಗದ ವಿದ್ಯಾರ್ಥಿ ರಾಬರ್ಟ್ ಟೇಲರನು, ವರ್ಷ 1892. ಆತನ ತಂದೆ ಗುಲಾಮಗಿರಿಯಲ್ಲಿ ಹುಟ್ಟಿದ ಬಡಗಿ. ಮಗನು ವಾಸ್ತುಶಿಲ್ಪಿಯಾಗಿ, ಬುಕರ್ ವಾಷಿಂಗ್ಟನ್ನನ ಕರೆಗೆ ಓಗೊಟ್ಟು ಟಸ್ಕೀಗಿಗೆ ಹೋಗಿ, ವಿದ್ಯಾರ್ಥಿಗಳ ಕೈಯಿಂದಲೇ ಇಟ್ಟಿಗೆ ಸುಡಿಸಿ ವಿದ್ಯಾಲಯದ ಕಟ್ಟಡಗಳನ್ನು ಎಬ್ಬಿಸಿದನು. ಬಹುಕಾಲ ಇಂಥ ಕಥೆಗಳು ಆ ಸಂಸ್ಥೆಯ ಕಡತಗಳ ಧೂಳಿನಲ್ಲಿಯೇ ಮಲಗಿದ್ದವು. ಕಳೆದ ಶತಮಾನದ ಕಡೆಯ ದಶಕದಲ್ಲಿ ಕ್ಲಾರೆನ್ಸ್ ವಿಲಿಯಮ್ಸರೆಂಬ ಪ್ರಾಧ್ಯಾಪಕರು ಮುಂದಾಗಿ, ಕಪ್ಪುಜನಾಂಗದ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ನೌಕರರನ್ನೂ ಮಾತನಾಡಿಸಿ, ಅವರ ಬಾಯಿಂದಲೇ ಅವರ ಅನುಭವಗಳನ್ನು ದಾಖಲಿಸಿ, 2001ರಲ್ಲಿ ದೊಡ್ಡ ಗ್ರಂಥವನ್ನೇ ಹೊರತಂದರು. ಅದರಿಂದ ಆ ಸಂಸ್ಥೆಯ ಯಂತ್ರವಿದ್ಯೆಗೆ ಏನೂ ಕುಂದು ಬರಲಿಲ್ಲ. ತನ್ನ ಅಂಗಳದಲ್ಲಿ ಯಾರು ನಡೆದಾಡಿದರು, ಯಾರು ನಡೆದಾಡಲಾರದೆ ಹೊರಗುಳಿದರು ಎಂಬ ಅರಿವು ಅದಕ್ಕೆ ಬಂದಿತು.

ನಮ್ಮಲ್ಲಿ ಸಾಧನಗಳಿಲ್ಲವೆ? ಬೆಳಗಾವಿಯಲ್ಲಿ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನೆರಳಿನಲ್ಲಿ ಕರ್ನಾಟಕದ ಯಂತ್ರಶಾಸ್ತ್ರದ ಮಹಾವಿದ್ಯಾಲಯಗಳಲ್ಲಿ ಹೆಚ್ಚಿನವು ನಡೆಯುತ್ತಿವೆ. ಸಿದ್ದಿಯರ ನಡುನಾಡಾದ ಹಳಿಯಾಳದಲ್ಲಿಯೇ ಅಂಥದೊಂದು ತಾಂತ್ರಿಕ ಮಹಾವಿದ್ಯಾಲಯವಿದೆ. ಹಳಿಯಾಳದ ನೆರೆಯ ಧಾರವಾಡಕ್ಕೆ 2016ರಲ್ಲಿ ಭಾರತೀಯ ತಂತ್ರಜ್ಞಾನ ಸಂಸ್ಥೆಯೂ ಬಂದಿದೆ. ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ‘ಸಾಂಸ್ಕೃತಿಕ ಕನ್ನಡ’ವೆಂಬ ಪಾಠವನ್ನು ಗೊತ್ತುಮಾಡಿರುವದು ಸ್ತುತ್ಯವಾದ ಕೆಲಸವು. ಆ ಪಾಠದಲ್ಲಿ ಸಿದ್ದಿಯರಿಗೆ ಒಂದು ಅಧ್ಯಾಯವು ಮೀಸಲಾಗಲಿ. ಕನ್ನಡ ಸಂಸ್ಕೃತಿಯೆಂದರೆ ಪಂಪ ಪುಲಕೇಶಿಯರದಷ್ಟೇ ಅಲ್ಲ. ಕಾಳಿಯ ತೀರದ ಸಿದ್ದಿ ಅಜ್ಜಿ ಹೊಲಿಯುವ ಕೌದಿಯೂ ಅದರಲ್ಲಿ ಸೇರಿದೆ.

ಆ ಕೌದಿಯನ್ನು ಒಮ್ಮೆ ಕಣ್ಣಿಟ್ಟು ನೋಡಬೇಕು. ಹರಿದ ಸೀರೆ, ಹಳೆಯ ಲುಂಗಿ, ಮಕ್ಕಳ ಅಂಗಿಯ ತುಂಡುಗಳನ್ನು ಪದರ ಪದರವಾಗಿ ಇಟ್ಟು, ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿನವರೆಗೆ ಹೊಲಿಗೆ ಹಾಕುತ್ತ ಬಂದು, ನಾಲ್ಕು ಮೂಲೆಗಳಿಗೆ ಬಣ್ಣದ ಬಟ್ಟೆಯನ್ನು ಮಡಿಚಿ ಹೂವನ್ನು ಕೂಡಿಸುತ್ತಾರೆ. ಮೂಲೆಯ ಹೂವಿಲ್ಲದಿದ್ದರೆ ಕೌದಿಯು ಬೆತ್ತಲೆಯೆಂದು ಆ ತಾಯಂದಿರ ಭಾವನೆ. ನಕ್ಷೆಯಿಲ್ಲ, ಅಳತೆಗೋಲಿಲ್ಲ, ರೇಖಾಗಣಿತವೆಲ್ಲ ಬೆರಳ ತುದಿಯಲ್ಲಿದೆ. ಅಮೇರಿಕೆಯ ವಿದ್ವಾಂಸರು ಬಂದು ಇವುಗಳನ್ನು ಅಭ್ಯಸಿಸಿದರು. ನ್ಯೂಯಾರ್ಕಿನ ಪ್ರದರ್ಶನದಲ್ಲಿಯೂ ಇವು ಮೆರೆದವು. ದೂರದವರಿಗೆ ಕಂಡದ್ದು ಹತ್ತಿರದವರಿಗೆ ಕಾಣಲಿಲ್ಲವೆಂದರೆ ನಾವು ಯಾರನ್ನು ದೂರೋಣ?

ಮಾಡತಕ್ಕ ಕೆಲಸವು ದೊಡ್ಡ ವೆಚ್ಚದ್ದೇನೂ ಅಲ್ಲ. ಮೊದಲನೆಯದಾಗಿ, ಹಿರಿಯರ ಮಾತು, ಹಾಡು, ಡಮಾಮಿಯ ನುಡಿತ, ಸಿದ್ದಿಯರು ಆಡುವ ಕೊಂಕಣಿಯ ಬೆಡಗು — ಇವುಗಳನ್ನು ಧ್ವನಿಮುದ್ರಿಸಿ, ಕನ್ನಡ ಲಿಪಿಯಲ್ಲಿ ಬರೆದು, ಹಾಡಿದವರಾರು, ಯಾವ ಊರು, ಯಾವ ದಿನ, ಯಾವ ಸಂದರ್ಭ ಎಂಬದನ್ನು ಪ್ರತಿಯೊಂದಕ್ಕೂ ನಮೂದಿಸಬೇಕು. ಹೆಸರಿಲ್ಲದ ಮುದ್ರಣವು ವಿಳಾಸವಿಲ್ಲದ ಪತ್ರದಂತೆ ವ್ಯರ್ಥವಾದದ್ದು. ಎರಡನೆಯದಾಗಿ, ಇವುಗಳ ಪ್ರತಿಗಳನ್ನು ಬೇರೆ ಬೇರೆ ಎಡೆಗಳಲ್ಲಿಟ್ಟು, ಕೆಲವು ವರ್ಷಗಳಿಗೊಮ್ಮೆ ಪರೀಕ್ಷಿಸಿ, ಹೊಸ ಸಾಧನಗಳಿಗೆ ಸಾಗಿಸುತ್ತಿರಬೇಕು. ತಾಳೆಗರಿಯು ಮುನ್ನೂರು ವರ್ಷ ಬಾಳೀತು. ಇಂದಿನ ಗಣಕಯಂತ್ರದ ತಟ್ಟೆಯು ಹತ್ತು ವರ್ಷದಲ್ಲಿ ಮೂಕವಾಗಬಹುದು. ಈ ಕೆಲಸವನ್ನು ಬಲ್ಲವರು ಯಂತ್ರಶಾಸ್ತ್ರದ ವಿದ್ಯಾರ್ಥಿಗಳಲ್ಲದೆ ಮತ್ತಾರು? ಮೂರನೆಯದಾಗಿ, ಸಿದ್ದಿಯರ ಕೇರಿಗಳು, ಹಿರಿಯರನ್ನು ಪೂಜಿಸುವ ಸ್ಥಾನಗಳು, ಹಳೆಯ ಗದ್ದೆಗಳು, ಬಿಟ್ಟುಹೋದ ವಸತಿಗಳು — ಇವುಗಳ ಮೋಜಣಿಯಾಗಬೇಕು. ಕಾರವಾರದ ಕಚೇರಿಯ ಅರಣ್ಯ ಕಡತಗಳನ್ನೂ ಪಣಜಿಯ ಪುರಾಭಿಲೇಖಾಗಾರದ ಪೋರ್ತುಗೀಜ ಕಾಗದಗಳನ್ನೂ ಇದರೊಡನೆ ತಾಳೆ ನೋಡಬೇಕು. 2006ರ ಅರಣ್ಯ ಹಕ್ಕುಗಳ ಕಾಯಿದೆಯ ಕೆಳಗೆ ಹಕ್ಕನ್ನು ಕೇಳುವವನು ತಾನು ಈ ನೆಲದಲ್ಲಿ 2005ರ ಡಿಸೆಂಬರ 13ಕ್ಕಿಂತ ಮೊದಲಿನಿಂದಲೇ ಇದ್ದವನೆಂದು ತೋರಿಸಬೇಕಾಗುತ್ತದೆ. ಹೀಗಿರುವಲ್ಲಿ ಅಜ್ಜನ ನೆನಪು ಬರಿಯ ಕಥೆಯಲ್ಲ, ಮೊಮ್ಮಗನ ಗದ್ದೆಯ ಆಧಾರ.

ನಾಲ್ಕನೆಯದು ಎಲ್ಲಕ್ಕಿಂತಲೂ ಮುಖ್ಯವಾದದ್ದು. ಈ ಸಂಗ್ರಹದ ಒಡೆತನವು ಸಿದ್ದಿಯರದೇ ಆಗಿರಬೇಕು. ಅವರ ಒಪ್ಪಿಗೆಯಿಲ್ಲದೆ ಒಂದು ಹಾಡೂ ಹೊರಬೀಳಕೂಡದು. ಸಿದ್ದಿ ತರುಣ ತರುಣಿಯರನ್ನೇ ಸಂಬಳ ಕೊಟ್ಟು ಈ ಕೆಲಸಕ್ಕೆ ನೇಮಿಸಬೇಕು. ಅವರಲ್ಲಿ ಯಂತ್ರವಿದ್ಯೆಯನ್ನು ಕಲಿಯಬಯಸುವವರಿಗೆ ವಿದ್ಯಾರ್ಥಿವೇತನವು ದೊರೆಯಬೇಕು. ಹಾಡನ್ನು ಒಯ್ದು ಹಾಡುವವನನ್ನು ಕೂಲಿಯಲ್ಲಿಯೇ ಬಿಟ್ಟುಬರುವ ಸಂಶೋಧನೆಯು ಹೊಸ ತರಹದ ಸುಲಿಗೆಯಲ್ಲದೆ ಬೇರೆಯಲ್ಲ.

ಇದಕ್ಕೆ ಆಕ್ಷೇಪಣೆಗಳು ಬಾರದೆ ಇರವು. ಜಾನಪದಕ್ಕೆಂದೇ ಗೊಟಗೋಡಿಯಲ್ಲಿ 2011ರಲ್ಲಿ ಒಂದು ವಿಶ್ವವಿದ್ಯಾಲಯವು ಹುಟ್ಟಿರುವಾಗ ಯಂತ್ರಶಾಸ್ತ್ರದವರಿಗೇಕೆ ಈ ಉಸಾಬರಿ ಎಂದು ಕೆಲವರು ಕೇಳಿಯಾರು. ಜಾನಪದದವರು ಅರ್ಥವನ್ನು ಬಲ್ಲರು, ತಂತ್ರಜ್ಞರು ಉಳಿಸುವ ವಿದ್ಯೆಯನ್ನು ಬಲ್ಲರು. ಇಬ್ಬರೂ ಕೈಗೂಡಿಸಿದರೆ ಮಾತ್ರ ಕೆಲಸವು ನೆರವೇರೀತು. ಮೂಲವನ್ನು ಕೆದಕುವದರಿಂದ ರಾಷ್ಟ್ರದ ಐಕ್ಯಕ್ಕೆ ಭಂಗವಾದೀತೆಂದು ಮತ್ತೆ ಕೆಲವರು ಭಯಪಟ್ಟಾರು. 1917ರಲ್ಲಿ ಆಲೂರ ವೆಂಕಟರಾಯರು ‘ಕರ್ನಾಟಕ ಗತವೈಭವ’ವನ್ನು ಬರೆದಾಗ ಭಾರತವು ಒಡೆಯಲಿಲ್ಲ, ಮಲಗಿದ್ದ ಕನ್ನಡಿಗನು ಎದ್ದು ಕುಳಿತು ಭಾರತಕ್ಕೆ ಬಲವಾದನು. ತನ್ನ ಇತಿಹಾಸವನ್ನರಿತವನು ಮನೆಯನ್ನು ಒಡೆಯನು. ಮನೆಯಲ್ಲಿ ತನಗೆ ಸ್ಥಳವಿಲ್ಲವೆಂದು ತಿಳಿದವನೇ ದೂರ ಸರಿಯುವನು. ನಮಗೆ ದೊರೆತ ಆತ್ಮಗೌರವವನ್ನು ನಮ್ಮ ಸಿದ್ದಿ ಬಾಂಧವರಿಗೆ ನಿರಾಕರಿಸಲು ನಮಗೆ ಯಾವ ನೈತಿಕ ಅಧಿಕಾರವಿದೆ?

ಯಂತ್ರವಿದ್ಯೆಯು ಈ ಕಣಿವೆಗೆ ಸಾಲಗಾರನೂ ಹೌದು. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ಕಾಗದದ ಗಿರಣಿಗೆ ಈ ಕಾಡಿನ ಬಿದಿರು ಆಹಾರವಾಯಿತು. ಸೂಪಾದ ಅಣೆಕಟ್ಟು 101 ಮೀಟರು ಎತ್ತರಕ್ಕೆದ್ದು ಹಳೆಯ ಸೂಪಾ ಊರನ್ನು ನೀರೊಳಗಿಟ್ಟು, ನಾಡಿಗೆಲ್ಲ ದೀಪ ಕೊಟ್ಟಿತು. ಈ ಕಾಡಿನಿಂದ ಆದ ಕಾಗದದ ಮೇಲೆ ದೇಶವು ಏನೇನನ್ನೋ ಬರೆಯಿತು. ಈ ಹೊಳೆಯಿಂದ ಬಂದ ಬೆಳಕಿನಲ್ಲಿ ಏನೇನನ್ನೋ ಓದಿತು. ಆ ಕಾಡಿನಲ್ಲಿಯೇ ಬಾಳಿದವರ ಕಥೆಗೆ ಮಾತ್ರ ನಾಲ್ಕು ಹಾಳೆಗಳೂ ಒಂದು ದೀಪವೂ ದೊರೆಯದಿದ್ದರೆ, ನಾವು ಪ್ರಗತಿಯೆಂದು ಕರೆಯುವದು ಅರ್ಧ ಪ್ರಗತಿಯೇ ಸರಿ.

ವಿದ್ಯಾಪೀಠಗಳ ಆಡಳಿತಗಾರರೂ ಅಧ್ಯಾಪಕರೂ ಈ ವಿಷಯವನ್ನು ಮನಸ್ಸಿಗೆ ತಂದುಕೊಳ್ಳಲಿ. ವಿದ್ಯಾರ್ಥಿ ತರುಣರಾದರೋ ಯಾರ ಅಪ್ಪಣೆಯನ್ನೂ ಕಾಯಬೇಕಾದದ್ದಿಲ್ಲ. ಒಂದು ರಜೆಯ ದಿನ ಸಿದ್ದಿಯರ ಕೇರಿಗೆ ಹೋಗಿ, ವಿನಯದಿಂದ ಕುಳಿತು, ಅಜ್ಜಿಯೊಬ್ಬಳ ಮಾತನ್ನು ಕೇಳಿದರೆ ಕೆಲಸವು ಆರಂಭವಾದಂತೆಯೇ. ಹಾಗೆ ಕೇಳಿ ಬಂದವನು ಬಸ್ಸಿನಲ್ಲಿ ಸಿದ್ದಿ ತರುಣನನ್ನು ಕಂಡಾಗ “ನಿಮ್ಮದು ಯಾವ ದೇಶ?” ಎಂದು ಕೇಳಲಾರನು, “ನಿಮ್ಮದು ಯಾವ ಊರು?” ಎಂದು ಕೇಳುವನು. ದೇಶವನ್ನು ಬಿಟ್ಟು ಊರನ್ನು ಕೇಳುವ ಆ ದಿನವು ನಮ್ಮ ವಿದ್ಯೆಯು ಸಾರ್ಥಕವಾದ ದಿನ. ಅದು ಬೇಗನೆ ಬರಲಿ.